ಕೂಸಿನ ಹೃದಯದೋಷವೂ ಕರ್ಮವಿಚಾರವೂ

ಮನುಷ್ಯನು ತನಗೆ ಬಂದ ದುಃಖವನ್ನು ಹೇಗಾದರೂ ಸಹಿಸಿಯಾನು. ಕಾರಣ ಕಾಣದ ದುಃಖವನ್ನು ಸಹಿಸುವದು ಅವನಿಗೆ ಬಲು ಕಠಿಣ. ಮಳೆ ಹೋದರೆ ಕಾರಣ ಕೇಳುತ್ತಾನೆ. ಎತ್ತು ಸತ್ತರೆ ಕಾರಣ ಕೇಳುತ್ತಾನೆ. ಕಾರಣ ತಿಳಿಯದೆ ಹೋದರೆ ಒಂದನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ. ಈ ಸ್ವಭಾವವು ಎಲ್ಲಕ್ಕಿಂತ ಹೆಚ್ಚಾಗಿ ಪ್ರಕಟವಾಗುವದು ಈಗತಾನೆ ಹುಟ್ಟಿದ ಕೂಸಿಗೆ ದೊಡ್ಡ ರೋಗವಿದೆಯೆಂದು ತಿಳಿದಾಗ. ದೊಡ್ಡವನು ಬೇನೆ ಬಿದ್ದರೆ ಅವನ ಊಟ, ದುಡಿತ, ಚಟಗಳ ಮೇಲೆ ಹೊಣೆ ಹೊರಿಸಬಹುದು. ಕಣ್ಣನ್ನೇ ತೆರೆಯದ ಕೂಸಿನ ಮೇಲೆ ಏನನ್ನು ಹೊರಿಸುವದು? ಆಗ ಹುಡುಕುವವರ ದೃಷ್ಟಿಯು ಹಿಂದಕ್ಕೆ ಸರಿಯುತ್ತದೆ: ಹಡೆದ ತಾಯಿಯ ನಡತೆಗೆ, ಆಕೆಯ ತವರಿಗೆ, ಹಿರಿಯರ ಪಾಪಕ್ಕೆ, ಕೊನೆಗೆ ಕೂಸಿನದೇ ಪೂರ್ವಜನ್ಮಕ್ಕೆ.

ಜೇವರ್ಗಿ ತಾಲೂಕಿನ ಅಂದೋಲಾ ಮತ್ತು ಅದರ ಸುತ್ತಿನ ಹಳ್ಳಿಗಳಲ್ಲಿ ತೊಗರಿ ಜೋಳ ಬೆಳೆದು ಬದುಕುವ ಸದ್ಭಕ್ತ ಗೃಹಸ್ಥರ ಮನೆಗಳಲ್ಲಿಯೂ ಈ ಪ್ರಶ್ನೆ ಏಳದೆ ಇರುವದಿಲ್ಲ. ಕೂಸಿನ ಎದೆಯಲ್ಲಿ ರಂಧ್ರವಿದೆಯೆಂದು ವೈದ್ಯನು ಹೇಳಿದ ದಿನ, ಮನೆಯವರು ಕೇಳುವ ಮೊದಲ ಮಾತು ಮದ್ದಿನ ವಿಷಯವಾಗಿರುವದಕ್ಕಿಂತ ‘ಇದು ಯಾರ ಕರ್ಮ?’ ಎಂಬುದೇ ಆಗಿರುವದುಂಟು. ಶರಣಮಾರ್ಗದಲ್ಲಿ ನಡೆಯುವವರು ಈ ಪ್ರಶ್ನೆಗೆ ಯಾವ ಉತ್ತರ ಕೊಡಬೇಕು, ಅಥವಾ ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಕೆ, ಎಂಬುದು ವಿಚಾರಾರ್ಹವಾದ ವಿಷಯ. ಅದಕ್ಕೆ ಮೊದಲು ಸಂಗತಿ ಏನಿದೆಯೆಂಬುದನ್ನು ಇದ್ದಂತೆ ತಿಳಿಯುವದು ಅವಶ್ಯ. ಸಂಗತಿಯನ್ನು ಅರಿಯದೆ ಮಾಡಿದ ತತ್ತ್ವವಿಚಾರವು ಬೀಜವಿಲ್ಲದೆ ಕೂರಿಗೆ ಹೊಡೆದಂತಾದೀತು.

ಸಜೀವವಾಗಿ ಹುಟ್ಟುವ ಪ್ರತಿ 1,000 ಕೂಸುಗಳಲ್ಲಿ ಸುಮಾರು 8ರಿಂದ 10 ಕೂಸುಗಳಿಗೆ ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ಏನಾದರೊಂದು ಕೊರತೆ ಇರುತ್ತದೆ. ಹೆಚ್ಚು ಕಡಿಮೆ ನೂರು ತೊಟ್ಟಿಲುಗಳಲ್ಲಿ ಒಂದು ಎಂದು ನೆನಪಿಟ್ಟರೆ ಸಾಕು. ಹುಟ್ಟಿನಿಂದ ಬರುವ ಎಲ್ಲ ಅಂಗದೋಷಗಳಲ್ಲಿ ಹೆಚ್ಚು ಸಾಮಾನ್ಯವಾದುದು ಇದೇ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಇಂಥ ಕೂಸುಗಳು ಹುಟ್ಟುತ್ತವೆಂದು ಅಂದಾಜು ಮಾಡಲಾಗಿದೆ. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೆರಿಗೆಗಳಾಗುತ್ತವೆಂದು ಹಿಡಿದರೆ, ಅದೇ ಲೆಕ್ಕದಿಂದ ಸುಮಾರು ಒಂಬತ್ತು ಸಾವಿರ ಕೂಸುಗಳು ಈ ದೋಷವನ್ನು ಹೊತ್ತು ಬರುತ್ತವೆ. ಒಂದು ದೊಡ್ಡ ಗ್ರಾಮದಲ್ಲಿ ವರ್ಷಕ್ಕೆ ನೂರು ಮಕ್ಕಳು ಹುಟ್ಟಿದರೆ, ಸರಾಸರಿಯಿಂದ ವರ್ಷಕ್ಕೊಂದು ಮನೆಯ ಬಾಗಿಲನ್ನು ಈ ಚಿಂತೆ ತಟ್ಟುತ್ತದೆ.

ಎಲ್ಲ ದೋಷಗಳೂ ಸಮಾನವಲ್ಲ. ಹೃದಯಕ್ಕೆ ನಾಲ್ಕು ಕೋಣೆಗಳು. ಕೆಳಗಣ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಉಳಿಯುವದೇ ಹೆಚ್ಚಾಗಿ ಕಾಣುವ ದೋಷ; ಇಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇದೇ ಬಗೆಯದು. ರಂಧ್ರವು ಚಿಕ್ಕದಿದ್ದರೆ ಅದು ಎಷ್ಟೋ ಸಲ ಯಾವ ಚಿಕಿತ್ಸೆಯೂ ಇಲ್ಲದೆ ತಾನೇ ಮುಚ್ಚಿಹೋಗುತ್ತದೆ. ಮೇಲಿನ ಕೋಣೆಗಳ ನಡುವೆ ರಂಧ್ರ ಉಳಿಯುವದುಂಟು. ಗರ್ಭದಲ್ಲಿರುವಾಗ ತೆರೆದಿದ್ದು ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳವು ತೆರೆದೇ ಉಳಿಯುವದುಂಟು. ಕೆಲವು ಕೂಸುಗಳಲ್ಲಿ ಮಾತ್ರ ದೋಷವು ತೀವ್ರವಾಗಿದ್ದು, ಕೆಟ್ಟ ರಕ್ತವು ಶುದ್ಧ ರಕ್ತದೊಡನೆ ಬೆರೆತು, ತುಟಿ ಉಗುರುಗಳು ನೀಲಿಯಾಗುತ್ತವೆ. ದೋಷವುಳ್ಳ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯೋ ಬೇರೆ ಉಪಾಯವೋ ಬೇಕಾಗುತ್ತದೆ. ಉಳಿದವಕ್ಕೆ ಕಾಲಾವಕಾಶವಿರುತ್ತದೆ.

ಇಲ್ಲಿ ಕೆಲವರು ಒಂದು ಮಾತನ್ನು ಎತ್ತುವರು: ‘ಹಿಂದೆ ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಎದೆಯಲ್ಲಿ ರಂಧ್ರವೆಂಬುದನ್ನು ಕೇಳಿದವರೇ ಇರಲಿಲ್ಲ. ಇದು ಕಾಲದ ಪಾಪ. ಜನರ ನಡತೆ ಕೆಟ್ಟಿದ್ದರಿಂದ ಮಕ್ಕಳ ಎದೆ ಕೆಟ್ಟಿತು.’ ಈ ಮಾತು ಕೇಳುವದಕ್ಕೆ ಧರ್ಮದ ಮಾತಿನಂತಿದೆ. ಲೆಕ್ಕವು ಅದನ್ನು ಒಪ್ಪುವದಿಲ್ಲ. ಅನೇಕ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಒಂದು ಅವಲೋಕನದ ಪ್ರಕಾರ, 1930ರಿಂದ 1934ರ ಅವಧಿಯಲ್ಲಿ ವರದಿಯಾದ ಪ್ರಮಾಣವು 1,000ಕ್ಕೆ 0.6 ಮಾತ್ರ, 1995ರ ನಂತರ ಅದು 9.1. ಮೇಲುನೋಟಕ್ಕೆ ರೋಗವು ಹದಿನೈದು ಪಟ್ಟು ಹೆಚ್ಚಿತೆಂದು ತೋರುವದು. ನಿಜಸಂಗತಿ ಬೇರೆ. ಮೊದಲು ವೈದ್ಯನಿಗೆ ಎದೆಗೆ ಕಿವಿಗೊಟ್ಟು ಕೇಳುವದೊಂದೇ ಮುಖ್ಯ ಸಾಧನವಾಗಿತ್ತು. ಆಮೇಲೆ ಶಬ್ದತರಂಗಗಳಿಂದ ಬಡಿಯುವ ಹೃದಯದ ಚಿತ್ರವನ್ನೇ ಕಾಣುವ ಉಪಕರಣ ಬಂತು. ಸೂಜಿಯ ಮೊನೆಯಷ್ಟು ರಂಧ್ರವೂ ಕಣ್ಣಿಗೆ ಬೀಳತೊಡಗಿತು. ಹೆಚ್ಚಿದುದರ ಬಹುಪಾಲು ಕಾಣುವ ಶಕ್ತಿಯೇ ಹೊರತು ಕಾಯಿಲೆಯಲ್ಲ.

ಹಾಗಾದರೆ ಹಿಂದಿನ ಕಾಲದ ಕೂಸುಗಳು ಎಲ್ಲಿ ಹೋದವು? ಅವೂ ಇದ್ದವು. ಅವುಗಳ ಕಾಯಿಲೆಗೆ ಬಾಲಗ್ರಹವೆಂದೂ ದೃಷ್ಟಿಯೆಂದೂ ಗಾಳಿ ಸೋಕಿತೆಂದೂ ಹೆಸರಿಟ್ಟರು. ಕೆಲವು ಕೂಸುಗಳ ಎಳೆಯ ಹೊಟ್ಟೆಯ ಮೇಲೆ ಕಾಯಿಸಿದ ಸೂಜಿಯಿಂದ ಬರೆ ಹಾಕಿದರು. ಎಷ್ಟೋ ಕೂಸುಗಳು ಹೆಸರಿಡುವ ಮೊದಲೇ ಮಣ್ಣು ಸೇರಿದವು. ತಾಯಿ ಮಾತ್ರ ಎಷ್ಟು ಹಡೆದೆನೆಂಬುದನ್ನು ಲೆಕ್ಕದಲ್ಲಿಟ್ಟುಕೊಂಡಿದ್ದಳು. ಹಿಂದಿನವರ ಪುಣ್ಯವು ಹೆಚ್ಚೆಂದು ಹೇಳುವವರು ಆ ತಾಯಂದಿರ ಲೆಕ್ಕವನ್ನು ಕೇಳಿರಲಾರರು.

ಇನ್ನು ಕಾರಣದ ವಿಚಾರ. ಗರ್ಭ ನಿಂತ ಮೂರನೆಯ ವಾರದ ಕೊನೆಗೆ ಹೃದಯವು ಒಂದು ಸಣ್ಣ ನಾಳದ ರೂಪದಲ್ಲಿ ಮಿಡಿಯಲಾರಂಭಿಸುತ್ತದೆ. ಆ ನಾಳವು ಬಾಗಿ, ಮಡಿಸಿ, ಒಳಗೆ ಗೋಡೆಗಳನ್ನು ಕಟ್ಟಿಕೊಂಡು, ಎಂಟು ವಾರಗಳ ಹೊತ್ತಿಗೆ ನಾಲ್ಕು ಕೋಣೆಗಳ ಹೃದಯವಾಗಿ ನಿಲ್ಲುತ್ತದೆ. ಹೃದಯದ ದೋಷಗಳಲ್ಲಿ ಹೆಚ್ಚಿನವು ಹುಟ್ಟುವದು ಈ ಐದಾರು ವಾರಗಳೊಳಗೆ. ಆ ಕಾಲದ ಮೊದಲರ್ಧದಲ್ಲಿ ತಾಯಿಗೆ ತಾನು ಗರ್ಭವತಿಯೆಂಬ ಸಂಗತಿಯೇ ಎಷ್ಟೋ ಸಲ ತಿಳಿದಿರುವದಿಲ್ಲ. ಆಕೆ ಎಂದಿನಂತೆ ಹೊಲಕ್ಕೆ ಹೋಗಿ ಕಳೆ ಕೀಳುತ್ತಿರುತ್ತಾಳೆ, ನೀರು ಹೊರುತ್ತಿರುತ್ತಾಳೆ. ಏಳನೆಯ ತಿಂಗಳಲ್ಲಿ ಗ್ರಹಣದ ಹೊತ್ತಿಗೆ ಕಾಯಿಪಲ್ಲೆ ಹೆಚ್ಚಿದಳೆಂದೋ, ಅಮವಾಸ್ಯೆಯ ದಿನ ಹೊಸ್ತಿಲು ದಾಟಿದಳೆಂದೋ ಆಕೆಯನ್ನು ದೂರುವವರು ಒಂದನ್ನು ಗಮನಿಸಬೇಕು: ಅಷ್ಟರೊಳಗೆ ಕೂಸಿನ ಹೃದಯವು ಕಟ್ಟಿ ಮುಗಿದು ನಾಲ್ಕೈದು ತಿಂಗಳಾಗಿರುತ್ತದೆ. ಮುಗಿದ ಮನೆಯ ತಳಪಾಯವನ್ನು ಮುಂದೆ ಬರುವ ಗ್ರಹಣವು ಹಾಳುಮಾಡಲಾರದು. ಲಗ್ನ, ತಿಥಿ, ವಾರಗಳ ಅಂಜಿಕೆಯನ್ನು ಬಸವಾದಿ ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಬಿಡಿಸಿದರು. ಅದನ್ನು ಬಾಣಂತಿಯ ಮೇಲೆ ಮಾತ್ರ ಮತ್ತೆ ಹೇರುವದು ಯಾವ ಭಕ್ತಿ?

ಬಹುಸಂಖ್ಯೆಯ ಕೂಸುಗಳಲ್ಲಿ ಇಂಥದೇ ಒಂದು ಕಾರಣವೆಂದು ಬೆರಳಿಟ್ಟು ತೋರಿಸಲು ವೈದ್ಯಶಾಸ್ತ್ರಕ್ಕೂ ಸಾಧ್ಯವಿಲ್ಲ. ತಾಯಿತಂದೆಗಳಿಬ್ಬರಿಂದಲೂ ಬಂದ ಸೂಕ್ಷ್ಮ ಅಂಶಗಳು ಗರ್ಭದ ಪರಿಸರದೊಡನೆ ಸೇರಿ ಇದು ಆಗುತ್ತದೆಂಬುದು ಶಾಸ್ತ್ರಜ್ಞರ ಅಭಿಪ್ರಾಯ. ಕೆಲವು ಕಾರಣಗಳು ಮಾತ್ರ ಸ್ಪಷ್ಟವಾಗಿ ಗೊತ್ತಾಗಿವೆ. ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಎಂಬವರು 1941ರಲ್ಲಿ, ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಎಂಬ ಸಾಧಾರಣ ಗುಳ್ಳೆಜ್ವರ ಬಂದರೆ ಕೂಸಿನ ಕಣ್ಣು ಹೃದಯಗಳು ಕೆಡುತ್ತವೆಂದು ತೋರಿಸಿದರು. ಗರ್ಭಕ್ಕೆ ಮೊದಲೇ ಇದ್ದು ಹತೋಟಿಗೆ ಬಾರದ ಸಿಹಿಮೂತ್ರ ರೋಗ, ಮೂರ್ಛೆರೋಗದ ಕೆಲವು ಮದ್ದುಗಳು, ಮದ್ಯ, ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ಹುಟ್ಟುವ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದೋಷವಿರುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿಯೂ ಸಂಭವವು ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿಯು ಕರ್ನಾಟಕದಲ್ಲಿ ಇನ್ನೂ ಬಲವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಇಲ್ಲಿಯ ಮದುವೆಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ಬಂಧುಗಳೊಳಗೇ ಆದವು. ಹೊಲ ಹೊರಗೆ ಹೋಗಬಾರದೆಂದು ಮಾಡಿದ ಸಂಬಂಧಕ್ಕೆ ಎಷ್ಟೋ ಸಲ ಕೂಸು ಬೆಲೆ ತೆರುತ್ತದೆ. ಅಂಥ ಸಂಬಂಧವನ್ನು ನಿಶ್ಚಯಿಸಿದವರು ಹಿರಿಯರು. ಅದರ ಫಲ ಕಂಡಾಗ ಬೈಗುಳ ತಿನ್ನುವವಳು ಸೊಸೆ. ಇದು ನ್ಯಾಯವೇ ಎಂಬುದನ್ನು ಹಿರಿಯರೇ ನಿರ್ಣಯಿಸಬೇಕು.

ಇಷ್ಟನ್ನು ತಿಳಿದಮೇಲೆ ಕರ್ಮದ ವಿಚಾರಕ್ಕೆ ಬರಬಹುದು. ಕರ್ಮವಾದಿಯು ಹೇಳುವನು: ‘ಕೂಸು ಈ ಜನ್ಮದಲ್ಲಿ ಏನೂ ಮಾಡಿಲ್ಲ, ನಿಜ. ಹಿಂದಿನ ಜನ್ಮದಲ್ಲಿ ಮಾಡಿರಬೇಕು. ಇಲ್ಲವಾದರೆ ಶಿವನು ಅನ್ಯಾಯಗಾರನಾಗುವನು.’ ಈ ವಾದವನ್ನು ಹಗುರಾಗಿ ತಳ್ಳಿಹಾಕುವದು ಸರಿಯಲ್ಲ. ಅದರ ಹಿಂದೆ ಲೋಕಕ್ಕೊಂದು ನ್ಯಾಯವಿರಬೇಕೆಂಬ ಹಂಬಲವಿದೆ. ಮಾಡಿದ್ದು ವ್ಯರ್ಥವಾಗದೆಂಬ ನಂಬಿಗೆಯಿದೆ. ಅನೇಕ ಸಾತ್ತ್ವಿಕರು ಆ ನಂಬಿಗೆಯ ಬಲದಿಂದಲೇ ತಮ್ಮ ಕಷ್ಟಗಳನ್ನು ಸಹಿಸಿದ್ದಾರೆ. ಆದರೆ ತನ್ನ ಕಷ್ಟಕ್ಕೆ ತನ್ನ ಕರ್ಮವನ್ನು ನೆನೆದು ತಾಳ್ಮೆ ಪಡೆಯುವದು ಬೇರೆ. ನೆರೆಯವಳ ಕೂಸಿನ ಕಷ್ಟಕ್ಕೆ ಆ ಕೂಸಿನ ಕರ್ಮವನ್ನು ಓದಿ ಹೇಳುವದು ಬೇರೆ. ಮೊದಲನೆಯದು ಆತ್ಮಪರೀಕ್ಷೆ. ಎರಡನೆಯದು ಯಾರೂ ಕೊಡದ ಅಧಿಕಾರವನ್ನು ತಾನೇ ತೆಗೆದುಕೊಂಡು ಕೊಡುವ ತೀರ್ಪು. ಪೂರ್ವಜನ್ಮದ ಲೆಕ್ಕದ ಪುಸ್ತಕವನ್ನು ಕಂಡವರು ಈ ಊರಿನಲ್ಲಿ ಯಾರಿದ್ದಾರೆ? ಕಾಣದ ಲೆಕ್ಕದ ಮೇಲೆ ಸಾಲ ವಸೂಲಿ ಮಾಡುವವನನ್ನು ಲೋಕವು ವಂಚಕನೆನ್ನುವದು.

ವೀರಶೈವ ಗೃಹಸ್ಥನಿಗಂತೂ ಈ ತೀರ್ಪು ಇನ್ನೂ ದೊಡ್ಡ ವಿರೋಧಕ್ಕೆ ಎಡೆಮಾಡುತ್ತದೆ. ಆತನ ಮನೆಯಲ್ಲಿ ಕೂಸು ಹುಟ್ಟಿದೊಡನೆ ಗುರುವಿನ ಹಸ್ತದಿಂದ ಅದಕ್ಕೆ ಲಿಂಗಧಾರಣೆಯಾಗುವದು ಪರಂಪರೆ. ಜನನಸೂತಕವನ್ನು ಈ ಮಾರ್ಗವು ಒಪ್ಪುವದಿಲ್ಲ. ಹುಟ್ಟಿನಲ್ಲಿ ಮೈಲಿಗೆಯಿಲ್ಲವೆಂದು ಶರಣರು ಸಾರಿದರು. ಗುರುಕಾರುಣ್ಯದಿಂದ ಪೂರ್ವಾಶ್ರಯವು ಅಳಿಯುವದೆಂದು ನಂಬುವ ಭಕ್ತನು, ಯಾವ ಎದೆಯ ಮೇಲೆ ಇಷ್ಟಲಿಂಗವನ್ನು ಕಟ್ಟಿಸಿದನೋ ಅದೇ ಎದೆಯೊಳಗಿನ ರಂಧ್ರವನ್ನು ತೋರಿಸಿ ಪೂರ್ವದ ಪಾಪವೆನ್ನುವದು ಹೇಗೆ? ಹಾಗೆಂದರೆ ಗುರುವಿನ ಹಸ್ತಕ್ಕಿಂತ ಪಾಪವೇ ಬಲವುಳ್ಳದ್ದೆಂದು ಹೇಳಿದಂತಾಯಿತು. ಕೂಸನ್ನು ಲಿಂಗದೇಹಿಯೆಂದೂ ಪಾಪಪಿಂಡವೆಂದೂ ಒಂದೇ ಉಸಿರಿನಲ್ಲಿ ಕರೆಯಲಾಗದು. ಭಕ್ತನು ಎರಡರಲ್ಲಿ ಒಂದನ್ನು ಬಿಡಬೇಕು.

ಇಲ್ಲಿ ವಿಚಾರಿಯು ಮರುಪ್ರಶ್ನೆ ಹಾಕಬಹುದು: ‘ಕರ್ಮವಲ್ಲವೆಂದರೆ ಮತ್ತೇನು? ಬರಿಯ ಆಕಸ್ಮಿಕವೆ? ನೂರರಲ್ಲಿ ಒಂದು ಈ ಮನೆಗೇ ಏಕೆ ಬಂತು?’ ಈ ಪ್ರಶ್ನೆಗೆ ಮನಸ್ಸು ತುಂಬುವ ಉತ್ತರವು ಯಾವ ಶಾಸ್ತ್ರದಲ್ಲಿಯೂ ಇಲ್ಲ. ವೈದ್ಯನು ಪ್ರಮಾಣವನ್ನು ಹೇಳಬಲ್ಲನು, ಈ ಕೂಸಿಗೇ ಏಕೆಂಬುದನ್ನು ಹೇಳಲಾರನು. ಶರಣರಾದರೂ ದುಃಖಕ್ಕೆ ಮೂಲವನ್ನು ವಿವರಿಸುವ ಪಂಡಿತರಾಗಿ ನಿಲ್ಲಲಿಲ್ಲ. ದುಃಖದ ಮುಂದೆ ಭಕ್ತನು ಹೇಗೆ ನಡೆಯಬೇಕೆಂಬುದನ್ನು ನಡೆದು ತೋರಿಸಿದರು. ಬಸವಣ್ಣನವರು ಧರ್ಮದ ಬೇರಿನಲ್ಲಿ ದಯೆಯನ್ನಿಟ್ಟರು. ದಯೆಯು ಕಾರಣ ತಿಳಿದ ಮೇಲೆ ಬರುವದಲ್ಲ. ಹಸಿದವನು ಏಕೆ ಹಸಿದನೆಂದು ವಿಚಾರಿಸಿ ಅನ್ನವಿಕ್ಕುವವನು ದಾಸೋಹಿಯಲ್ಲ. ಹಳೆಯ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹವನ್ನು ನಡೆಸಿದ ಮಹಾದಾಸೋಹಿ ಶರಣಬಸವೇಶ್ವರರ ನೆಲದವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನೂರಕ್ಕೆ ಒಂದೆಂಬ ಸಂಖ್ಯೆಯಿಂದ ಗೃಹಸ್ಥನಿಗೆ ಆಗುವ ಪ್ರಯೋಜನವೂ ಇದೆ. ತನ್ನ ಮನೆಯೊಂದೇ ಶಾಪಗ್ರಸ್ತವಾಯಿತೆಂದು ಒಳಗೊಳಗೇ ಕೊರಗುವ ತಾಯಿಗೆ, ಈ ಹೊತ್ತು ದೇಶದಲ್ಲಿ ಆಕೆಯಂತಹವರು ಲಕ್ಷಾಂತರ ಇದ್ದಾರೆಂದು ಆ ಸಂಖ್ಯೆ ಹೇಳುತ್ತದೆ. ಶ್ರೀಮಂತರ ಮನೆಗೂ ಬಡವರ ಮನೆಗೂ, ವ್ರತನಿಷ್ಠರ ಮನೆಗೂ ವ್ರತಗೇಡಿಗಳ ಮನೆಗೂ, ಶಿವನನ್ನು ಪೂಜಿಸುವ ದೇಶಕ್ಕೂ ಆತನ ಹೆಸರು ಕೇಳದ ದೇಶಕ್ಕೂ ಈ ದೋಷವು ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಬರುತ್ತದೆ. ಪಾಪಕ್ಕೆ ತಕ್ಕ ದಂಡನೆಯಾಗಿದ್ದರೆ ಹೀಗೆ ಸಮನಾಗಿ ಹಂಚಿರುತ್ತಿತ್ತೆ? ಆದರೆ ಸಂಖ್ಯೆಗೆ ಒಂದು ಕೆಡುಕೂ ಇದೆ. ತೊಂಬತ್ತೊಂಬತ್ತು ಮನೆಗಳವರು ‘ನಮಗಲ್ಲವಲ್ಲ’ ಎಂದು ಸುಮ್ಮನಾಗುವದಕ್ಕೆ ಅದೇ ನೆಪವಾಗುತ್ತದೆ. ದೋಷ ಬಂದ ಮನೆಗೆ ಆ ಒಂದು ಕೂಸು ನೂರರಲ್ಲಿ ಒಂದಲ್ಲ, ಇರುವದೆಲ್ಲವೂ ಅದೇ.

ಮನುಷ್ಯಪ್ರಯತ್ನವು ಈ ವಿಷಯದಲ್ಲಿ ಎಷ್ಟು ದೂರ ಬಂದಿದೆಯೆಂಬುದನ್ನು ನೋಡಿದರೆ ಕಾಯಕತತ್ತ್ವದ ಅರ್ಥವು ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. 1938ರಲ್ಲಿ ಅಮೇರಿಕೆಯ ಬಾಸ್ಟನ್ ನಗರದಲ್ಲಿ ರಾಬರ್ಟ್ ಗ್ರಾಸ್ ಎಂಬ ಯುವಕ ವೈದ್ಯರು, ಮುಚ್ಚದೆ ಉಳಿದ ನಾಳವನ್ನು ಏಳು ವರ್ಷದ ಬಾಲಕಿಯೊಬ್ಬಳ ಎದೆಯಲ್ಲಿ ಕಟ್ಟಿ ಯಶಸ್ವಿಯಾದರು. 1944ರ ನವೆಂಬರ್ 29ರಂದು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ನೀಲಿಗಟ್ಟಿದ ಹೆಣ್ಣುಕೂಸೊಂದಕ್ಕೆ ಶಸ್ತ್ರಕ್ರಿಯೆ ನಡೆಯಿತು. ಆ ಉಪಾಯವನ್ನು ಮೊದಲು ಯೋಚಿಸಿದವರು ಹೆಲೆನ್ ಟಾಸಿಗ್ ಎಂಬ ವೈದ್ಯೆ. ಅವರಿಗೆ ಕಿವಿ ಮಂದವಾಗಿತ್ತು. ಮಕ್ಕಳ ಹೃದಯದ ಬಡಿತವನ್ನು ಬೆರಳ ತುದಿಯಿಂದ ಮುಟ್ಟಿ ಅರಿಯುತ್ತಿದ್ದರು. ಕತ್ತಿ ಹಿಡಿದವರು ಆಲ್‌ಫ್ರೆಡ್ ಬ್ಲೇಲಾಕ್. ಅವರ ಬೆನ್ನ ಹಿಂದೆ ಒಂದು ಮಣೆಯ ಮೇಲೆ ನಿಂತು, ಹೀಗೆ ಹೊಲಿಯಿರಿ, ಹಾಗೆ ಹೊಲಿಯಿರಿ ಎಂದು ಹೇಳುತ್ತಿದ್ದವರು ವಿವಿಯನ್ ಥಾಮಸ್. ಆ ಹೊಲಿಗೆಯನ್ನು ಪ್ರಾಣಿಗಳ ಮೇಲೆ ಅನೇಕ ಸಲ ಪ್ರಯೋಗಿಸಿ ಸಿದ್ಧಿಸಿಕೊಂಡವರು ಥಾಮಸ್ ಅವರೇ. ಕಪ್ಪು ವರ್ಣದ ಬಡಗಿಯ ಮಗ, ತಾವೂ ಬಡಗಿತನ ಮಾಡಿದವರು, ವೈದ್ಯಪದವಿ ಇಲ್ಲದವರು. ವರ್ಣಭೇದದ ಆ ಕಾಲದಲ್ಲಿ ಅವರ ಹೆಸರನ್ನು ಬಹುಕಾಲ ಯಾರೂ ಹೇಳಲಿಲ್ಲ; 1976ರಲ್ಲಿ ಅದೇ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಿವಿ ಕೇಳದ ಹೆಣ್ಣುಮಗಳು, ಬಡಗಿಯ ಮಗ, ಇವರ ಕಾಯಕದಿಂದ ಲೋಕದ ನೀಲಿ ಕೂಸುಗಳಿಗೆ ಉಸಿರು ಬಂತು. ಜಾತಿಸೂತಕವನ್ನು ಕಳೆದು ಕಾಯಕವನ್ನು ಎತ್ತಿಹಿಡಿದ ಶರಣರಿಗೆ ಇದು ಪರಕೀಯವಾದ ಕಥೆಯಾಗಿ ತೋರುತ್ತಿರಲಿಲ್ಲ. ಅವರ ಗಣದಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನು.

ಇಂದು ಆ ಕಾಯಕದ ಫಲವು ಈ ಸೀಮೆಯ ಹೊಸ್ತಿಲಿಗೂ ಬಂದಿದೆ. ಹಿಂದೆ ಕೂಸಿನ ಹೃದಯಕ್ಕೆ ಚಿಕಿತ್ಸೆಯೆಂದರೆ ಬೆಂಗಳೂರೋ ಹೈದರಾಬಾದೋ ಎಂದು ದೂರದ ದಾರಿ ಹಿಡಿಯಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು ಉದ್ಘಾಟನೆಯಾಯಿತು. ತೀರ ಸೂಕ್ಷ್ಮವಾದ ಶಸ್ತ್ರಕ್ರಿಯೆಗೆ ದೂರ ಹೋಗಬೇಕಾದರೂ ರೋಗವೇನೆಂದು ತಿಳಿಯುವದಕ್ಕೆ ದೂರ ಹೋಗಬೇಕಾಗಿಲ್ಲ. ಕೇಂದ್ರಸರಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಹೆರಿಗೆಯ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯಲ್ಲಿ ಪರೀಕ್ಷಿಸುವ ವ್ಯವಸ್ಥೆಯಿದೆ; ಅದರ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಸೇರಿದೆ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಹಣವಿಲ್ಲವೆಂದು ಕೂಸನ್ನು ಮನೆಯಲ್ಲಿಯೇ ಇಟ್ಟುಕೊಂಡು ಕೂಡುವ ಕಾಲವಿದಲ್ಲ.

ಆದರೆ ತೋರಿಸುವದಕ್ಕೆ ಮೊದಲು ಗುರುತಿಸಬೇಕು. ಮೊಲೆಯುಣ್ಣುವಾಗ ಕೂಸು ದಣಿದು ನಡುನಡುವೆ ಬಿಡುತ್ತಿದ್ದರೆ, ಹಣೆಯ ಮೇಲೆ ಬೆವರು ಒಡೆಯುತ್ತಿದ್ದರೆ, ಉಸಿರು ವೇಗವಾಗಿದ್ದರೆ, ತುಟಿ ನಾಲಿಗೆ ನೀಲಿಯಾಗಿದ್ದರೆ, ತೂಕ ಏರದಿದ್ದರೆ, ಪದೇ ಪದೇ ಎದೆ ಕಟ್ಟಿ ಕೆಮ್ಮು ಬರುತ್ತಿದ್ದರೆ, ಅದನ್ನು ದೃಷ್ಟಿಯೆಂದು ಕರೆದು ದಿನ ಕಳೆಯಬಾರದು. ಹುಟ್ಟಿದ ಒಂದು ದಿನದ ನಂತರ ಕೈ ಕಾಲಿಗೆ ಸಣ್ಣ ಬೆಳಕಿನ ಉಪಕರಣವನ್ನು ತಗುಲಿಸಿ ರಕ್ತದಲ್ಲಿಯ ಪ್ರಾಣವಾಯುವನ್ನು ಅಳೆಯುವ ಸುಲಭ ಪರೀಕ್ಷೆಯಿದೆ, ನೋವಿಲ್ಲ, ಸೂಜಿಯಿಲ್ಲ. ಅದನ್ನು ಮಾಡಿರೆಂದು ಕೇಳುವ ಹಕ್ಕು ತಂದೆತಾಯಿಗಳಿಗಿದೆ. ವಿಭೂತಿಯನ್ನು ಹಚ್ಚುವ ಕೈಯೇ ಆ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆಯಲಿ. ಒಂದು ಇನ್ನೊಂದನ್ನು ತಡೆಯುವದಿಲ್ಲ. ಕಾದ ಸೂಜಿಯ ಬರೆ ಮಾತ್ರ ಯಾವ ದೇವರಿಗೂ ಬೇಡ.

ಈಗ ಈ ವಿಚಾರದ ಮುಳ್ಳಿನ ಭಾಗ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು 2011ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹುಟ್ಟು ಹೃದಯದೋಷಕ್ಕೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಹೇಳಿ ಕಳಿಸಿದ ಮಕ್ಕಳಲ್ಲಿ ಯಾರು ಮಾಡಿಸಿಕೊಂಡರು, ಯಾರು ಇಲ್ಲ ಎಂಬುದು ಅದರ ವಿಷಯ. ಗಂಡುಮಕ್ಕಳಲ್ಲಿ ನೂರಕ್ಕೆ 70 ಮಕ್ಕಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಹೆಣ್ಣುಮಕ್ಕಳಲ್ಲಿ ನೂರಕ್ಕೆ 44. ರೋಗ ಅದೇ, ವೈದ್ಯ ಅವನೇ, ಆಸ್ಪತ್ರೆ ಅದೇ. ಭೇದವು ಮನೆಯಲ್ಲಿತ್ತು. ‘ಎದೆಯ ಮೇಲೆ ಗಾಯದ ಗುರುತಿರುವ ಹುಡುಗಿಯನ್ನು ಯಾರು ಮಾಡಿಕೊಂಡಾರು?’ ಎಂಬ ಅಂಜಿಕೆಯೋ, ‘ಹೆಣ್ಣುಕೂಸಿಗೆ ಇಷ್ಟು ಖರ್ಚೇ?’ ಎಂಬ ಲೆಕ್ಕವೋ ಆ ಭೇದವನ್ನು ಮಾಡಿತು. ಒಳಗಿರುವ ಆತ್ಮವು ಹೆಣ್ಣೂ ಅಲ್ಲ ಗಂಡೂ ಅಲ್ಲವೆಂದು ಜೇಡರ ದಾಸಿಮಯ್ಯನು ಹೇಳಿದ ನಾಡಿನಲ್ಲಿ, ಹೃದಯಕ್ಕೆ ಹೆಣ್ಣು ಗಂಡೆಂಬ ಬೆಲೆ ಕಟ್ಟುವದು ನಡೆಯುತ್ತಿದ್ದರೆ, ಅಲ್ಲಿಯೇ ಕರ್ಮವನ್ನು ಹುಡುಕಬೇಕು. ಕೂಸಿನ ಎದೆಯಲ್ಲಿ ರಂಧ್ರ ಉಳಿದದ್ದು ಯಾರ ಕರ್ಮವೂ ಅಲ್ಲ. ಮುಚ್ಚುವ ಉಪಾಯವಿದ್ದೂ ಹೆಣ್ಣೆಂದು ಮುಚ್ಚಿಸದೆ ಬಿಟ್ಟದ್ದು ನಿಶ್ಚಯವಾಗಿ ಒಂದು ಕರ್ಮ. ಅದನ್ನು ಮಾಡಿದವರು ಯಾರೆಂದು ತಿಳಿಯುವದಕ್ಕೆ ಹಿಂದಿನ ಜನ್ಮಕ್ಕೆ ಹೋಗಬೇಕಾಗಿಲ್ಲ.

ಹೀಗೆ ನೋಡಿದರೆ ಕರ್ಮವೆಂಬ ಮಾತು ಶರಣಮಾರ್ಗದಲ್ಲಿ ಪೂರ್ತಿ ಅರ್ಥಹೀನವಾಗುವದಿಲ್ಲ. ಅದರ ದಿಕ್ಕು ತಿರುಗುತ್ತದೆ. ಹಿಂದೆ ನೋಡಿ ಆರೋಪ ಹೊರಿಸುವ ಮಾತು ಹೋಗಿ, ಮುಂದೆ ನೋಡಿ ಹೊಣೆ ಹೊರುವ ಮಾತಾಗುತ್ತದೆ. ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕಿಸುವದು ಅಂಥದೊಂದು ಕರ್ಮ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಈ ಲಸಿಕೆಯ ಅಭಿಯಾನ ನಡೆದಾಗ ಗಾಳಿಸುದ್ದಿಗಳಿಗೆ ಹೆದರಿ ಹಿಂಜರಿದವರೂ ಇದ್ದರು. ಇಂದು ಲಸಿಕೆ ಪಡೆದ ಬಾಲಕಿಯು ನಾಳೆ ತಾಯಿಯಾದಾಗ ಆಕೆಯ ಕೂಸಿನ ಹೃದಯವು ಒಂದು ಅಪಾಯದಿಂದ ಪಾರಾಗಿರುತ್ತದೆ. ಸಿಹಿಮೂತ್ರವುಳ್ಳ ಸೊಸೆಗೆ ಗರ್ಭ ನಿಲ್ಲುವ ಮೊದಲೇ ಚಿಕಿತ್ಸೆ ಕೊಡಿಸುವದು, ಗರ್ಭಿಣಿಗೆ ವೈದ್ಯರನ್ನು ಕೇಳದೆ ಮದ್ದು ನುಂಗಿಸದಿರುವದು, ಅತಿ ಸಮೀಪದ ರಕ್ತಸಂಬಂಧದಲ್ಲಿ ಮದುವೆ ನಿಶ್ಚಯಿಸುವಾಗ ಎರಡು ಸಲ ಯೋಚಿಸುವದು, ಐದನೆಯ ತಿಂಗಳ ಸುಮಾರಿಗೆ ಗರ್ಭದ ಪರೀಕ್ಷೆ ಮಾಡಿಸುವದು, ಇವೆಲ್ಲ ಗೃಹಸ್ಥನ ಕೈಯಲ್ಲಿರುವ ಕರ್ಮಗಳು.

ಇಷ್ಟೆಲ್ಲ ಮಾಡಿದರೂ ಎಲ್ಲ ಕೂಸುಗಳು ಉಳಿಯುವದಿಲ್ಲ. ಕೆಲವು ದೋಷಗಳು ಮನುಷ್ಯನ ಕೈಗೆ ಇಂದಿಗೂ ಮೀರಿದವು. ಅಂಥ ಕೂಸನ್ನು ಕಳೆದುಕೊಂಡ ಮನೆಗೆ ಹೋಗುವ ಭಕ್ತನು ಶಾಸ್ತ್ರ ಹೇಳುವದಕ್ಕಿಂತ ಮೌನದಿಂದ ಕೂಡುವದು ಮೇಲು. ಶರಣನ ಮರಣವನ್ನು ಲಿಂಗೈಕ್ಯವೆನ್ನುವ ಮಾರ್ಗದಲ್ಲಿ ಹತ್ತು ದಿನ ಬಾಳಿದ ಕೂಸೂ ಲಿಂಗದಲ್ಲಿಯೇ ಬೆರೆಯಿತು. ಎಂಬತ್ತು ವರ್ಷ ಬಾಳಿದವನಿಗೆ ಬೇರೆ ಲಿಂಗವಿಲ್ಲ. ಆ ತಾಯಿಯ ಮಡಿಲು ಮತ್ತೆ ತುಂಬುವದೆಂಬ ಭರವಸೆಯನ್ನು ಮಾತ್ರ ಕೊಡಬಹುದು, ಅದು ಸುಳ್ಳು ಭರವಸೆಯಲ್ಲ: ಒಂದು ಕೂಸಿಗೆ ಈ ದೋಷವಿದ್ದ ದಂಪತಿಗಳಿಗೆ ಮುಂದಿನ ಕೂಸಿಗೂ ಅದು ಬರುವ ಸಂಭವವು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು. ನೂರಕ್ಕೆ ತೊಂಬತ್ತೈದರಷ್ಟು ಸಂಭವವು ನೆಟ್ಟಗಿನ ಹೃದಯದ ಕೂಸಿನ ಪರವಾಗಿದೆ. ಇದನ್ನರಿಯದೆ, ಸೊಸೆಯ ಕಾಲ್ಗುಣ ಸರಿಯಿಲ್ಲವೆಂದು ಆಕೆಯನ್ನು ತವರಿಗೆ ಅಟ್ಟಿ ಮಗನಿಗೆ ಬೇರೆ ಹೆಣ್ಣು ನೋಡುವವರು, ಕೂಸನ್ನು ಕಳೆದುಕೊಂಡವಳಿಂದ ಮನೆಯನ್ನೂ ಕಸಿದುಕೊಳ್ಳುತ್ತಾರೆ.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ಮೂರು ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವದು ಯೋಗ್ಯ. ಕೂಸಿಗೆ ಹೃದಯದೋಷವಿದೆಯೆಂದು ತಿಳಿದ ಮನೆಯಲ್ಲಿ ಪಾಪದ ಮಾತನ್ನು ಆಡಬಾರದು; ಇತರರು ಆಡಿದರೆ ಹಿರಿಯರು ತಡೆಯಬೇಕು. ಹೆಣ್ಣಾಗಲಿ ಗಂಡಾಗಲಿ, ವೈದ್ಯರು ಹೇಳಿದ ದಿನಕ್ಕೆ ಕೂಸನ್ನು ಕರೆದುಕೊಂಡು ಹೋಗಬೇಕು. ಸುಗ್ಗಿಯಾಗಲಿ, ಮದುವೆಯಾಗಲಿ, ಜಾತ್ರೆಯಾಗಲಿ ನೆಪವಾಗಬಾರದು. ನೆರೆಯ ಮನೆಯ ಕೂಸು ಕಲಬುರಗಿಗೋ ಬೆಂಗಳೂರಿಗೋ ಹೊರಟಾಗ, ಉಳಿದ ತೊಂಬತ್ತೊಂಬತ್ತು ಮನೆಗಳವರು ಗಾಡಿಯ ಖರ್ಚಿಗೆ, ದನಕರುಗಳ ಮೇವಿಗೆ, ಮನೆಯಲ್ಲುಳಿದ ಮಕ್ಕಳ ಊಟಕ್ಕೆ ಹೆಗಲು ಕೊಡಬೇಕು. ದಾಸೋಹವೆಂಬ ಶಬ್ದಕ್ಕೆ ಅನ್ನವಿಕ್ಕುವದೊಂದೇ ಅರ್ಥವಲ್ಲ. ಮಠದ ಪಂಕ್ತಿಯಲ್ಲಿ ಬಡಿಸುವ ಕೈಗಳು ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ತಾಯಿಯ ಬುತ್ತಿಯನ್ನೂ ಕಟ್ಟಬಲ್ಲವು.